ಪಂಪಿಗೆ ಕುಂಕುಮ ಸಾಲದು, ಎಣ್ಣೆಯೂ ಬೇಕು

ವಾಹನ ತೊಳೆಯಲು ಕುಡಿಯುವ ನೀರು ಬಳಸುವುದನ್ನು ನಿಷೇಧಿಸಿ ಬೆಂಗಳೂರು ಜಲಮಂಡಳಿ 2024ರ ಮಾರ್ಚ್‌ನಲ್ಲಿ ಆದೇಶ ಹೊರಡಿಸಿತು. ಕೈತೋಟ, ಕಟ್ಟಡ ನಿರ್ಮಾಣ ಹಾಗೂ ಅಲಂಕಾರದ ಕಾರಂಜಿಗಳಿಗೂ ಈ ನಿಷೇಧ ಅನ್ವಯವಾಗಿತ್ತು. ಮೊದಲ ಸಲ ಸಿಕ್ಕಿಬಿದ್ದವರಿಗೆ 5,000 ರೂಪಾಯಿ ದಂಡ. ಮತ್ತೆ ಅದೇ ತಪ್ಪು ಮಾಡಿದರೆ ದಂಡದ ಜೊತೆಗೆ ದಿನವೊಂದಕ್ಕೆ 500 ರೂಪಾಯಿ. 2025ರ ಫೆಬ್ರುವರಿಯಲ್ಲಿ ಮಂಡಳಿ ಇದೇ ನಿಷೇಧವನ್ನು ಪುನರುಚ್ಚರಿಸಿತು. ಬಡಾವಣೆಗಳಲ್ಲಿ ಬಿಂದಿಗೆ ಹಿಡಿದು ಟ್ಯಾಂಕರಿಗಾಗಿ ಕಾದು ನಿಂತ ಜನರನ್ನು ಕಂಡ ಯಾರೂ ಈ ಆದೇಶವನ್ನು ತಪ್ಪೆನ್ನಲಾರರು. ಆದರೆ ಆದೇಶ ಉತ್ತರಿಸಿದ್ದು ಒಂದು ಪ್ರಶ್ನೆಗೆ ಮಾತ್ರ: ಯಾವ ನೀರಿನಲ್ಲಿ ತೊಳೆಯಬೇಕು? ಎಷ್ಟು ನೀರಿನಲ್ಲಿ ತೊಳೆಯಬೇಕು ಎಂಬ ಎರಡನೆಯ ಪ್ರಶ್ನೆಯನ್ನು ಮಂಡಳಿಯೂ ಕೇಳಲಿಲ್ಲ, ಪತ್ರಿಕೆಗಳಲ್ಲಿ ಬರೆದವರೂ ಕೇಳಲಿಲ್ಲ, ಈ ವೃತ್ತಿಯಲ್ಲಿರುವ ನಾವೂ ಕೇಳಿಕೊಳ್ಳಲಿಲ್ಲ. ಈ ಎರಡನೆಯ ಪ್ರಶ್ನೆಗೆ ಉತ್ತರವಿರುವುದು ಕಾನೂನಿನ ಪುಸ್ತಕದಲ್ಲಲ್ಲ. ಅಂಗಡಿಯ ಮೂಲೆಯಲ್ಲಿ ಗಡಗಡಿಸುವ ಪಂಪಿನಲ್ಲಿ ಮತ್ತು ಹುಡುಗನ ಕೈಯಲ್ಲಿರುವ ಗನ್ನಿನ ತುದಿಯ ಒಂದು ಪುಟ್ಟ ರಂಧ್ರದಲ್ಲಿ.

ನಾನು ಯಾರ ಪರವಾಗಿ ಬರೆಯುತ್ತಿದ್ದೇನೆ ಎಂಬುದನ್ನು ಮೊದಲೇ ಹೇಳಿಬಿಡುವುದು ಉಚಿತ. ನಗರದ ಹೊರವಲಯದಲ್ಲಿ ಎರಡು ದಶಕಗಳಿಂದ ವಾಟರ್ ವಾಶ್ ಅಂಗಡಿಯೊಂದನ್ನು ನಡೆಸಿಕೊಂಡು ಬಂದವನು ನಾನು. ನನ್ನ ಅನ್ನ ಇದರಿಂದಲೇ ಹುಟ್ಟಿದೆ. ಆದ್ದರಿಂದ ನನ್ನ ಮಾತಿನಲ್ಲಿ ಪಕ್ಷಪಾತವಿರಬಹುದೆಂದು ಓದುಗರು ಅನುಮಾನಿಸುವುದು ಸಹಜ. ಆದರೆ ಈ ಲೇಖನದಲ್ಲಿ ನಾನು ಸರ್ಕಾರದ ಮೇಲೆ ಹೊರಿಸುವ ಹೊಣೆಗಿಂತ ನನ್ನ ವೃತ್ತಿಬಾಂಧವರ ಮೇಲೆ ಹೊರಿಸುವ ಹೊಣೆಯೇ ದೊಡ್ಡದು.

ಈ ನಗರದಲ್ಲಿ ನೋಂದಾಯಿತ ವಾಹನಗಳ ಸಂಖ್ಯೆ ಒಂದು ಕೋಟಿಯನ್ನು ದಾಟಿದೆ. ಅವುಗಳನ್ನು ತೊಳೆಯುವ ಅಂಗಡಿಗಳಲ್ಲಿ ಹೆಚ್ಚಿನವು ಚಿಕ್ಕವು: ಒಂದು ತಗಡಿನ ಚಾವಣಿ, ಒಂದು ಸಂಪು, ಒಂದು ಮೋಟಾರು, ಮೂರು ನಾಲ್ಕು ಹುಡುಗರು. ಆಯುಧಪೂಜೆಯ ಹಿಂದಿನ ದಿನ ಇಂತಹ ಯಾವುದೇ ಅಂಗಡಿಯ ಮುಂದೆ ಹೋದರೂ ವಾಹನಗಳ ಸಾಲು ರಸ್ತೆಯ ತಿರುವಿನವರೆಗೆ ನಿಂತಿರುತ್ತದೆ. ಮರುದಿನ ನಮ್ಮ ಪಂಪಿಗೂ ಪೂಜೆ. ಅರಿಶಿನ ಕುಂಕುಮ ಹಚ್ಚಿ, ಚೆಂಡುಹೂವಿನ ಹಾರ ಹಾಕಿ, ಬೂದುಗುಂಬಳ ಒಡೆದು ಕೈಮುಗಿಯುತ್ತೇವೆ. ಉಳಿದ 364 ದಿನ ಅದರೊಳಗಿನ ಎಣ್ಣೆ ಯಾವ ಬಣ್ಣದಲ್ಲಿದೆ ಎಂದು ಇಣುಕಿ ನೋಡುವವರು ವಿರಳ. ದೇವರೆಂದು ಪೂಜಿಸಿ ಕತ್ತೆಯಂತೆ ದುಡಿಸುವುದು ನಮ್ಮಲ್ಲಿ ಯಂತ್ರಗಳಿಗೆ ಮಾತ್ರ ಒದಗಿದ ವಿಚಿತ್ರ ಭಾಗ್ಯ.

ಒತ್ತಡದ ನೀರಿನಿಂದ ತೊಳೆಯುವ ವಿದ್ಯೆ ಹೊಸದೇನಲ್ಲ. ಜರ್ಮನಿಯ ಆಲ್‌ಫ್ರೆಡ್ ಕಾರ್ಚರ್ ಎಂಬ ಎಂಜಿನಿಯರು ಯುರೋಪಿನ ಮೊದಲ ಬಿಸಿನೀರಿನ ಒತ್ತಡ ತೊಳೆಯಂತ್ರವನ್ನು ರೂಪಿಸಿದ್ದು 1950ರಲ್ಲಿ. ಅಂದಿನಿಂದ ಇಂದಿನವರೆಗೆ ಮೂಲತತ್ವ ಬದಲಾಗಿಲ್ಲ. ಮೋಟಾರು ತಿರುಗಿಸುವ ದಂಡಕ್ಕೆ ಸಾಮಾನ್ಯವಾಗಿ ಮೂರು ಪ್ಲಂಜರುಗಳು ಜೋಡಣೆಯಾಗಿರುತ್ತವೆ. ಒಂದು ನೀರೆಳೆಯುವಾಗ ಇನ್ನೊಂದು ತಳ್ಳುತ್ತದೆ. ತಳ್ಳಲ್ಪಟ್ಟ ನೀರು ಪೈಪಿನಲ್ಲಿ ಹರಿದು ನಾಜಲ್ಲಿನ ಕಿರಿದಾದ ರಂಧ್ರದಲ್ಲಿ ನುಗ್ಗುವಾಗ ಅದಕ್ಕೆ ವೇಗ ಬರುತ್ತದೆ. ಮಣ್ಣನ್ನು ಕಿತ್ತೆಸೆಯುವುದು ಈ ವೇಗವೇ ಹೊರತು ನೀರಿನ ಪ್ರಮಾಣವಲ್ಲ. ನಮ್ಮ ಸಣ್ಣ ಅಂಗಡಿಗಳಲ್ಲಿ ಬೆಲ್ಟಿನಿಂದ ತಿರುಗುವ ಮೂರು ಪಿಸ್ಟನ್ನಿನ ಪಂಪುಗಳೂ ಬಳಕೆಯಲ್ಲಿವೆ. ತೋಟಗಳಲ್ಲಿ ಔಷಧಿ ಸಿಂಪಡಿಸಲು ಬಳಸುವ ಪಂಪಿನ ಸೋದರಸಂಬಂಧಿಗಳು ಅವು. ಮಲೆನಾಡಿನ ಅಡಕೆ ಬೆಳೆಗಾರ ಮಳೆಗಾಲ ಮುಗಿದ ಮೇಲೆ ಪಂಪನ್ನು ತೊಳೆದು, ಎಣ್ಣೆ ಬದಲಿಸಿ, ಗೋಣಿ ಹೊದಿಸಿ ಇಡುತ್ತಾನೆ. ನಗರದಲ್ಲಿ ಅದೇ ಪಂಪಿಗೆ ರಜೆಯೂ ಇಲ್ಲ, ಆರೈಕೆಯೂ ಇಲ್ಲ.

ಇನ್ನು ಆ ಪುಟ್ಟ ರಂಧ್ರದ ಲೆಕ್ಕಕ್ಕೆ ಬರೋಣ. ನೂರು ಬಾರ್ ಒತ್ತಡದಲ್ಲಿ ನಿಮಿಷಕ್ಕೆ 15 ಲೀಟರ್ ನೀರು ಬಿಡುವ ನಾಜಲ್ಲಿನ ರಂಧ್ರ ಹೆಚ್ಚುಕಡಿಮೆ ಒಂದೂವರೆ ಮಿಲಿಮೀಟರ್ ಅಗಲವಿರುತ್ತದೆ. ನೀರಿನ ಜೊತೆ ಬರುವ ಸಣ್ಣ ಮರಳು ಅದನ್ನು ದಿನದಿನವೂ ಉಜ್ಜುತ್ತದೆ. ಕಾಲಕ್ರಮೇಣ ರಂಧ್ರದ ಅಗಲ ಶೇಕಡಾ 10ರಷ್ಟು ಹಿಗ್ಗಿತೆಂದು ಭಾವಿಸಿ. ಎರಡು ತಲೆಗೂದಲಿನ ದಪ್ಪದಷ್ಟು ವ್ಯತ್ಯಾಸ, ಕಣ್ಣಿಗೆ ಕಾಣುವುದೇ ಇಲ್ಲ. ಆದರೆ ಅಗಲ ಶೇಕಡಾ 10 ಹೆಚ್ಚಿದರೆ ರಂಧ್ರದ ವಿಸ್ತೀರ್ಣ ಶೇಕಡಾ 21 ಹೆಚ್ಚುತ್ತದೆ. ಪಂಪಿನಲ್ಲಿ ಹೆಚ್ಚುವರಿ ನೀರಿದ್ದು ಅದು ಒತ್ತಡವನ್ನು ಕಾಯ್ದುಕೊಂಡರೆ, ಅದೇ ಕೆಲಸಕ್ಕೆ ಶೇಕಡಾ 21ರಷ್ಟು ಹೆಚ್ಚು ನೀರು ಹೋಗುತ್ತದೆ. ಪಂಪಿನಲ್ಲಿ ಹೆಚ್ಚುವರಿ ನೀರು ಇಲ್ಲದಿದ್ದರೆ ಒತ್ತಡವೇ ಸುಮಾರು ಮೂರನೆಯ ಒಂದು ಭಾಗ ಕುಸಿಯುತ್ತದೆ. ಧಾರೆಗೆ ಬಲ ಸಾಲದೆ ಹುಡುಗ ಅದೇ ಚಕ್ರದ ಮುಂದೆ ಇನ್ನಷ್ಟು ಹೊತ್ತು ನಿಲ್ಲುತ್ತಾನೆ. ಎರಡೂ ಸಂದರ್ಭಗಳಲ್ಲಿ ನಷ್ಟ ನೀರಿಗೆ, ವಿದ್ಯುತ್ತಿಗೆ ಮತ್ತು ಸಮಯಕ್ಕೆ. ನಾಜಲ್ಲು ಯಂತ್ರದ ಅತಿ ಅಗ್ಗದ ಭಾಗಗಳಲ್ಲೊಂದು. ಅದನ್ನು ಉಳಿಸಲು ಹೋಗಿ ಟ್ಯಾಂಕರುಗಟ್ಟಲೆ ನೀರನ್ನು ಚರಂಡಿಗೆ ಬಿಡುತ್ತಿದ್ದೇವೆ.

ಇದನ್ನು ಪತ್ತೆಹಚ್ಚಲು ಯಾವ ಉಪಕರಣವೂ ಬೇಕಿಲ್ಲ. 20 ಲೀಟರಿನ ಒಂದು ಬಕೆಟ್ಟು, ಮೊಬೈಲಿನ ಗಡಿಯಾರ, ಸರಿಯಾಗಿ ಕೆಲಸ ಮಾಡುವ ಒಂದು ಒತ್ತಡಮಾಪಕ ಇದ್ದರೆ ಸಾಕು. ನಿಮಿಷಕ್ಕೆ 15 ಲೀಟರಿನ ನಾಜಲ್ಲಾದರೆ, ನಿಗದಿತ ಒತ್ತಡದಲ್ಲಿ ಬಕೆಟ್ಟು 80 ಸೆಕೆಂಡಿಗೆ ತುಂಬಬೇಕು. 66 ಸೆಕೆಂಡಿಗೇ ತುಂಬಿದರೆ ನಾಜಲ್ಲು ಸವೆದಿದೆ ಎಂದರ್ಥ. ತೊಂಬತ್ತು, ನೂರು ಸೆಕೆಂಡು ಹಿಡಿದರೆ ನಾಜಲ್ಲಿನಲ್ಲಿ ಕಸ ಕಟ್ಟಿಕೊಂಡಿರಬಹುದು. ಇಲ್ಲವೇ ಪಂಪಿನ ವಾಲ್ವು, ವಾಷರುಗಳು ಸೋತಿವೆ, ಅಥವಾ ಪಂಪಿಗೆ ಬರುವ ನೀರೇ ಸಾಲುತ್ತಿಲ್ಲ. ಒಂದೇ ಪರೀಕ್ಷೆ ಯಂತ್ರದ ಎರಡೂ ತುದಿಗಳ ಆರೋಗ್ಯವನ್ನು ಹೇಳುತ್ತದೆ. ನನ್ನ ಅಂಗಡಿಯಲ್ಲಿ ತಿಂಗಳ ಮೊದಲ ಸೋಮವಾರ ಬಾಗಿಲು ತೆರೆದ ಕೂಡಲೇ ಈ ಪರೀಕ್ಷೆ ನಡೆಯುತ್ತದೆ. ಗಿರಾಕಿಗಳು ಬರುವ ಮೊದಲು ಮುಗಿದುಹೋಗುವ ಐದು ನಿಮಿಷದ ಕೆಲಸವದು.

ಪಂಪಿನ ಆಯುಷ್ಯ ನಿರ್ಧಾರವಾಗುವುದು ನೀರು ಹೊರಹೋಗುವ ಕಡೆಗಿಂತ ಒಳಬರುವ ಕಡೆಯಲ್ಲಿ. ಸಂಪಿನಿಂದ ನೀರೆಳೆಯುವ ಪೈಪಿನ ಜಾಲರಿಯಲ್ಲಿ ಪಾಚಿ, ಎಲೆ, ಪ್ಲಾಸ್ಟಿಕ್ ಚೂರು ಕಟ್ಟಿಕೊಂಡರೆ ಪ್ಲಂಜರಿಗೆ ಬೇಕಾದಷ್ಟು ನೀರು ದೊರೆಯುವುದಿಲ್ಲ. ಆಗ ಒಳಗೆ ಆವಿಯ ಗುಳ್ಳೆಗಳು ಹುಟ್ಟಿ, ಒತ್ತಡಕ್ಕೆ ಸಿಕ್ಕಿ ಸಿಡಿದು ಲೋಹವನ್ನೇ ಕೆತ್ತುತ್ತವೆ. ತಗಡಿನ ಡಬ್ಬಿಯಲ್ಲಿ ಜಲ್ಲಿ ಹಾಕಿ ಅಲ್ಲಾಡಿಸಿದಂತಹ ಸದ್ದು ಪಂಪಿನಿಂದ ಬಂದರೆ ಅದು ಈ ರೋಗದ ಲಕ್ಷಣ. ಜಾಲರಿಯನ್ನು ದಿನಕ್ಕೊಮ್ಮೆ ತೊಳೆಯುವುದು, ಎಳೆಯುವ ಪೈಪಿನ ಕ್ಲಿಪ್ಪುಗಳು ಸಡಿಲವಾಗಿ ಗಾಳಿ ಸೇರದಂತೆ ನೋಡಿಕೊಳ್ಳುವುದು ಇದಕ್ಕೆ ಮದ್ದು. ಎಣ್ಣೆಯ ವಿಷಯವೂ ಹಾಗೆಯೇ. ಹೊಸ ಪಂಪಿನಲ್ಲಿ ಮೊದಲ 50 ಗಂಟೆಗಳ ಕೆಲಸದ ನಂತರ ಒಮ್ಮೆ, ಆಮೇಲೆ ಪ್ರತಿ 500 ಗಂಟೆಗೊಮ್ಮೆ ಎಣ್ಣೆ ಬದಲಿಸಬೇಕೆಂಬುದು ಹಲವು ತಯಾರಕರು ಹೇಳುವ ಸಾಮಾನ್ಯ ಕ್ರಮ. ದಿನಕ್ಕೆ ಐದು ಗಂಟೆ ಓಡುವ ಪಂಪಿಗೆ 500 ಗಂಟೆಯೆಂದರೆ ನೂರು ದಿನ, ಅಂದರೆ ವರ್ಷಕ್ಕೆ ಮೂರು ಸಲ. ಅಳತೆಗಾಜಿನಲ್ಲಿ ಎಣ್ಣೆ ಹಾಲಿನಂತೆ ಬೆಳ್ಳಗೆ ಕಂಡರೆ ಅದರೊಳಗೆ ನೀರು ಸೇರಿದೆ. ಅಂತಹ ಪಂಪನ್ನು ಇನ್ನೊಂದು ವಾರ ಓಡಿಸೋಣ ಎಂದುಕೊಂಡರೆ, ಕೆಲವು ನೂರು ರೂಪಾಯಿಯ ಸೀಲಿನಲ್ಲಿ ಮುಗಿಯಬೇಕಾದ ಕೆಲಸ ಬೇರಿಂಗು, ದಂಡಗಳವರೆಗೆ ಹೋಗುತ್ತದೆ. ಮೂಗಿಗಿಂತ ಮೂಗುತಿ ಭಾರ ಎಂಬ ಗಾದೆ ಆಗ ನೆನಪಾಗುತ್ತದೆ.

ಯಂತ್ರ ಸುಸ್ಥಿತಿಯಲ್ಲಿದ್ದರೂ ಅದನ್ನು ಹಿಡಿಯುವ ಕೈಗೆ ಶಿಸ್ತು ಬೇಕು. ಗನ್ನಿನ ಕುದುರೆಯನ್ನು ದಾರದಿಂದ ಬಿಗಿದು ಕಟ್ಟಿ, ಧಾರೆ ನಿರಂತರ ಹರಿಯುವಂತೆ ಮಾಡುವುದು ನಮ್ಮಲ್ಲಿ ಕೆಲವು ಕಡೆ ಕಾಣುವ ಪದ್ಧತಿ. ಬೆರಳು ನೋಯುತ್ತದೆ ಎಂಬುದು ಕಾರಣ. ಹುಡುಗ ಶಾಂಪೂ ತರಲು ಹೋದಾಗಲೂ, ಗಿರಾಕಿಯೊಡನೆ ಮಾತನಾಡುವಾಗಲೂ ನಿಮಿಷಕ್ಕೆ 15 ಲೀಟರ್ ನೆಲಕ್ಕೆ ಬೀಳುತ್ತಿರುತ್ತದೆ. ಒಂದು ಕಾರಿಗೆ ಎಂಟು ನಿಮಿಷ ಗನ್ನು ತೆರೆದಿದ್ದರೆ 120 ಲೀಟರ್. ಅಗತ್ಯವಿದ್ದಾಗ ಮಾತ್ರ ಒತ್ತಿ ನಾಲ್ಕು ನಿಮಿಷದಲ್ಲಿ ಮುಗಿಸಿದರೆ 60 ಲೀಟರ್. ದಿನಕ್ಕೆ 20 ವಾಹನವೆಂದರೆ ಉಳಿತಾಯ 1,200 ಲೀಟರ್. ಹತ್ತು ದಿನಕ್ಕೆ 12,000 ಲೀಟರಿನ ಒಂದು ದೊಡ್ಡ ಟ್ಯಾಂಕರು. 2024ರ ಮಾರ್ಚ್‌ನಲ್ಲಿ ಜಿಲ್ಲಾಡಳಿತ ನಿಗದಿಪಡಿಸಿದ ದರದಂತೆ ಐದು ಕಿಲೋಮೀಟರ್ ಒಳಗಿನ ಅಂತಹ ಟ್ಯಾಂಕರಿಗೆ ತೆರಿಗೆ ಬಿಟ್ಟು 1,000 ರೂಪಾಯಿ. ಮಾಲೀಕನ ಜೇಬಿಗೂ ಊರಿನ ಅಂತರ್ಜಲಕ್ಕೂ ಒಟ್ಟಿಗೆ ಲಾಭವಾಗುವ ಇಂತಹ ಸಂದರ್ಭಗಳು ವ್ಯಾಪಾರದಲ್ಲಿ ಹೆಚ್ಚು ಸಿಗುವುದಿಲ್ಲ.

ಇದಕ್ಕೆ ವಿರುದ್ಧವಾದ ಇನ್ನೊಂದು ಅಭ್ಯಾಸವೂ ಇದೆ. ಗನ್ನು ಮುಚ್ಚಿ, ಮೋಟಾರನ್ನು ಮಾತ್ರ ಓಡಲು ಬಿಟ್ಟು ಕಾಫಿಗೆ ಹೋಗುವುದು. ಪಂಪಿನ ತಲೆಯೊಳಗೇ ನೀರು ಸುತ್ತುವ ಬಗೆಯ ಯಂತ್ರವಾದರೆ ಆ ನೀರು ಕೆಲವೇ ನಿಮಿಷಗಳಲ್ಲಿ ಬಿಸಿಯೇರಿ ವಾಷರುಗಳನ್ನು ಸುಡುತ್ತದೆ. ನೀರು ಸಂಪಿಗೆ ಮರಳುವ ಬಗೆಯದಾದರೆ ಯಂತ್ರಕ್ಕೆ ಅಷ್ಟು ಹಾನಿಯಿಲ್ಲ, ಆದರೆ ವಿದ್ಯುತ್ತು ವ್ಯರ್ಥ. ಎರಡು ನಿಮಿಷಕ್ಕಿಂತ ಹೆಚ್ಚು ಹೊತ್ತು ಧಾರೆ ಬೇಡವೆಂದಾದರೆ ಮೋಟಾರು ನಿಲ್ಲಿಸಬೇಕೆಂಬ ನಿಯಮವನ್ನು ಗೋಡೆಯ ಮೇಲೆ ದೊಡ್ಡ ಅಕ್ಷರದಲ್ಲಿ ಬರೆಸುವುದಕ್ಕೆ ಒಂದು ಡಬ್ಬಿ ಬಣ್ಣ ಸಾಕು.

ಇಷ್ಟೆಲ್ಲ ಸರಳವಾಗಿದ್ದರೆ ಏಕೆ ನಡೆಯುವುದಿಲ್ಲ ಎಂದು ಓದುಗರು ಕೇಳಬಹುದು. ನನ್ನ ಅನುಭವದಲ್ಲಿ ಕಾರಣಗಳು ಮೂರು. ಮೊದಲನೆಯದು, ಕೂಲಿಯ ಪದ್ಧತಿ. ಎಷ್ಟೋ ಅಂಗಡಿಗಳಲ್ಲಿ ಹುಡುಗರಿಗೆ ವಾಹನಕ್ಕೆ ಇಷ್ಟು ಎಂಬ ಲೆಕ್ಕ. ಜಾಲರಿ ತೊಳೆಯುವ ಹತ್ತು ನಿಮಿಷಕ್ಕೆ ಯಾರೂ ಕಾಸು ಕೊಡುವುದಿಲ್ಲವಾದ್ದರಿಂದ ಆ ಕೆಲಸ ಯಾರದೂ ಅಲ್ಲ. ಎಲ್ಲರ ಪಂಪು ಯಾರ ಪಂಪೂ ಅಲ್ಲದಂತಾಗುತ್ತದೆ. ಒಬ್ಬ ಕೆಲಸಗಾರನಿಗೆ ಪಂಪಿನ ಹೊಣೆ ವಹಿಸಿ, ಅದಕ್ಕೆಂದೇ ತಿಂಗಳಿಗೆ ಪ್ರತ್ಯೇಕ ಭತ್ಯೆ ಕೊಟ್ಟರೆ ಅರ್ಧ ಸಮಸ್ಯೆ ಪರಿಹಾರವಾಗುತ್ತದೆ. ಎರಡನೆಯದು, ಲೆಕ್ಕವಿಲ್ಲದಿರುವುದು. ಉದ್ರಿ ಗಿರಾಕಿಗಳ ಬಾಕಿ ಬರೆದಿಡಲು ನಮ್ಮಲ್ಲಿ ಪುಸ್ತಕವುಂಟು. ಪಂಪು ಎಷ್ಟು ಗಂಟೆ ಓಡಿತು, ಎಣ್ಣೆ ಎಂದು ಬದಲಾಯಿತು, ವಾಷರು ಎಂದು ಹಾಕಿದೆವು ಎಂಬುದನ್ನು ಬರೆದಿಡಲು ನೂರು ಪುಟದ ಒಂದು ನೋಟುಬುಕ್ಕು ಇಲ್ಲ. ಮೂರನೆಯದು, ಭಾಷೆ. ನನ್ನ ಕೈಗೆ ಬಂದ ಯಾವ ಪಂಪಿನ ಕೈಪಿಡಿಯಲ್ಲೂ ಕನ್ನಡದ ಒಂದು ಸಾಲೂ ಇರಲಿಲ್ಲ. ಕೆಂಪು ಬಣ್ಣದ ನಾಜಲ್ಲಿನಿಂದ ಸೊನ್ನೆ ಡಿಗ್ರಿಯ ಚೂಪು ಧಾರೆ, ಹಳದಿಯಿಂದ 15, ಹಸಿರಿನಿಂದ 25, ಬಿಳಿಯಿಂದ 40 ಡಿಗ್ರಿಯ ಬೀಸಣಿಗೆಯಾಕಾರದ ಧಾರೆ ಬರುತ್ತದೆಂಬ ಪ್ರಾಥಮಿಕ ಮಾಹಿತಿಯೂ ಅದನ್ನು ಕೈಯಲ್ಲಿ ಹಿಡಿಯುವವನಿಗೆ ತಲುಪುವುದಿಲ್ಲ. ಪರಿಣಾಮವಾಗಿ ಕೆಂಪು ನಾಜಲ್ಲಿನಲ್ಲಿ ಕಾರಿನ ಬಣ್ಣ ಕೀಳುತ್ತದೆ, ಟೈರಿನ ಪಕ್ಕೆ ಸೀಳುತ್ತದೆ. ಅಡಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು. ಒಂದು ಕಾರಿನ ಬಣ್ಣ ಹೋದರೆ ಆ ಬೀದಿಯ ಗಿರಾಕಿಗಳೆಲ್ಲ ಹೋದಂತೆ.

ಬಣ್ಣಕ್ಕಿಂತ ದೊಡ್ಡದು ಮನುಷ್ಯನ ಜೀವ. ನೂರು ಬಾರ್ ಒತ್ತಡದಲ್ಲಿ ನಾಜಲ್ಲಿನಿಂದ ಹೊರಬೀಳುವ ನೀರಿನ ವೇಗ ಗಂಟೆಗೆ ಸುಮಾರು 500 ಕಿಲೋಮೀಟರ್. ಹತ್ತಿರದಿಂದ ಕೈಗೆ ತಗುಲಿದರೆ ಅದು ಚರ್ಮವನ್ನು ತೂರಿ ಒಳಗೆ ಸೇರಬಲ್ಲದು. ಹೊರಗೆ ಕಾಣುವುದು ಸೂಜಿ ಚುಚ್ಚಿದಂತಹ ಗಾಯ. ಒಳಗೆ ಕೊಳೆನೀರು, ಎಣ್ಣೆ, ಸೋಪು ಸೇರಿ ಬೆರಳನ್ನೇ ಕಳೆದುಕೊಳ್ಳುವ ಪರಿಸ್ಥಿತಿ ಬರಬಹುದು. ಅರಿಶಿನ ಹಚ್ಚಿ ಬಟ್ಟೆ ಸುತ್ತುವ ಗಾಯವಲ್ಲ ಅದು. ತಕ್ಷಣ ಶಸ್ತ್ರಚಿಕಿತ್ಸೆಯ ಸೌಲಭ್ಯವಿರುವ ಆಸ್ಪತ್ರೆಗೆ ಹೋಗಬೇಕಾದ ತುರ್ತು. ಇನ್ನು ವಿದ್ಯುತ್ತು. ಇಡೀ ದಿನ ಒದ್ದೆ ನೆಲದಲ್ಲಿ, ಎಷ್ಟೋ ಸಲ ಬರಿಗಾಲಿನಲ್ಲಿ ನಿಂತು ಕೆಲಸ ಮಾಡುವ ಹುಡುಗನ ಪಕ್ಕದಲ್ಲೇ ಸುಲಿದ ವೈರಿಗೆ ಟೇಪು ಸುತ್ತಿದ ಮೋಟಾರು ಇರುತ್ತದೆ. ಸರಿಯಾದ ಅರ್ಥಿಂಗ್ ಮತ್ತು 30 ಮಿಲಿಆಂಪಿಯರ್ ಸೋರಿಕೆಗೆ ತಾನಾಗಿಯೇ ವಿದ್ಯುತ್ತು ಕಡಿಯುವ ಸ್ವಿಚ್ಚು ಇಲ್ಲದ ಅಂಗಡಿ ಒಂದು ದಿನವೂ ತೆರೆದಿರಬಾರದು ಎಂಬುದು ನನ್ನ ಖಚಿತ ಅಭಿಪ್ರಾಯ. ಗಂಬೂಟು, ಕನ್ನಡಕಗಳನ್ನೂ ನಾನು ಯಂತ್ರದ ನಿರ್ವಹಣೆಯ ಲೆಕ್ಕದಲ್ಲೇ ಸೇರಿಸುತ್ತೇನೆ. ಪಂಪಿನ ವಾಷರು ಸವೆದರೆ ಪೇಟೆಯಲ್ಲಿ ಸಿಗುತ್ತದೆ. ಕಣ್ಣು ಹೋದರೆ ಸಿಗುವುದಿಲ್ಲ.

ಇಲ್ಲಿ ಪರಿಸರಪ್ರಿಯರ ಆಕ್ಷೇಪವೊಂದನ್ನು ಎದುರಿಸಲೇಬೇಕು. ಬರದ ಊರಿನಲ್ಲಿ ಈ ವ್ಯಾಪಾರವೇ ಏಕೆ, ಒಂದು ಬಕೆಟ್ಟು ನೀರು ಮತ್ತು ಬಟ್ಟೆ ಸಾಲದೇ ಎಂದು ಅವರು ಕೇಳುತ್ತಾರೆ. ಬರಿಯ ಧೂಳು ಕೂತ ಕಾರಿಗೆ ಖಂಡಿತ ಸಾಕು. ಎರಡು ಬಕೆಟ್ಟಿನಲ್ಲಿ ಮುಗಿಯುವ ಕೆಲಸಕ್ಕೆ ಗನ್ನು ಹಿಡಿಯುವುದು ಅನ್ಯಾಯ ಎಂದು ನಾನೂ ಹೇಳುತ್ತೇನೆ. ಅಂತಹ ಗಿರಾಕಿಗೆ ಒರೆಸುವ ಸೇವೆಯನ್ನು ಕಡಿಮೆ ದರದಲ್ಲಿ ಕೊಡುವುದು ನಮ್ಮ ಧರ್ಮ, ವ್ಯಾಪಾರಕ್ಕೂ ಒಳ್ಳೆಯದು. ಆದರೆ ಕೆಸರು ಮೆತ್ತಿದ ತಳಭಾಗ, ಜಿಡ್ಡು ಹಿಡಿದ ಎಂಜಿನ್ನು, ಜಲ್ಲಿ ಸಾಗಿಸುವ ಲಾರಿಯ ಚಕ್ರ, ಸರಕು ಆಟೋದ ಅಡಿಭಾಗ ಇವು ಬಟ್ಟೆಗೆ ಬಗ್ಗುವಂಥವಲ್ಲ. ಸಾಧಾರಣ ಪೈಪಿನಲ್ಲಿ ತೊಳೆದರೆ ಇನ್ನೂ ಹೆಚ್ಚು ನೀರು ಬೇಕು. ಯಂತ್ರದ ಅಗತ್ಯ ಅಲ್ಲಿದೆ. ಸಣ್ಣ ಅಂಗಡಿಗಳನ್ನು ಮುಚ್ಚಿಸಿದರೆ ತೊಳೆಯುವುದು ನಿಲ್ಲುವುದಿಲ್ಲ. ಮನೆಮುಂದಿನ ನಲ್ಲಿಗೆ, ಕೆರೆಯಂಗಳಕ್ಕೆ, ಹೆದ್ದಾರಿ ಬದಿಯ ಹೊಂಡಕ್ಕೆ ಸ್ಥಳಾಂತರಗೊಳ್ಳುತ್ತದೆ, ಅಷ್ಟೆ.

ಹಾಗಾದರೆ ನೀರು ಎಲ್ಲಿಂದ? ಕಾವೇರಿಯ ಪ್ರತಿ ಹನಿಯೂ ಸುಮಾರು ನೂರು ಕಿಲೋಮೀಟರ್ ದೂರದ ತೊರೆಕಾಡನಹಳ್ಳಿಯಿಂದ ಹೊರಟು, ಹಾರೋಹಳ್ಳಿ, ತಾತಗುಣಿಗಳಲ್ಲಿ ಮತ್ತೆ ಮತ್ತೆ ಪಂಪಾಗಿ ನಗರಕ್ಕೆ ಏರಿ ಬರುತ್ತದೆ. 2024ರ ಅಕ್ಟೋಬರ್‌ನಲ್ಲಿ ಉದ್ಘಾಟನೆಗೊಂಡ ಐದನೆಯ ಹಂತದಿಂದ ದಿನಕ್ಕೆ 77.5 ಕೋಟಿ ಲೀಟರ್ ಹೆಚ್ಚುವರಿ ನೀರು ತರುವ ವ್ಯವಸ್ಥೆಯಾಗಿದೆ. ಅದು ನಗರದ ಅಂಚಿನ 110 ಹಳ್ಳಿಗಳ ಜನರ ಬಾಯಾರಿಕೆಗೆ ಮೀಸಲು. ನಮ್ಮ ಸಂಪಿಗೆ ಅಲ್ಲ. ನಮಗೆ ಉಳಿದಿರುವುದು ಸಂಸ್ಕರಿಸಿದ ನೀರು ಮತ್ತು ಮಳೆನೀರು. ಸಂಸ್ಕರಿಸಿದ ನೀರನ್ನು ಬಳಸಿ ಎನ್ನುವ ಅಧಿಕಾರಿಗಳು ಅದರ ಇನ್ನೊಂದು ಮುಖವನ್ನೂ ತಿಳಿಯಬೇಕು. ಆ ನೀರಿನಲ್ಲಿ ಕರಗಿದ ಲವಣಗಳಿರುತ್ತವೆ, ಒಮ್ಮೊಮ್ಮೆ ತೇಲುವ ಕಣಗಳೂ ಇರುತ್ತವೆ. ಸೋಸದೆ ಬಳಸಿದರೆ ವಾಷರು, ವಾಲ್ವು, ನಾಜಲ್ಲು ಬೇಗ ಸವೆಯುತ್ತವೆ. ಗಡಸು ಕೊಳವೆಬಾವಿಯ ನೀರೂ ಒಳಗೆ ಸುಣ್ಣದ ಪದರ ಕಟ್ಟುತ್ತದೆ. ಅಂದರೆ ಒಳ್ಳೆಯ ನೀರನ್ನು ಬಿಟ್ಟುಕೊಟ್ಟಷ್ಟೂ ಯಂತ್ರದ ಆರೈಕೆ ಹೆಚ್ಚಬೇಕು. ನಿರ್ವಹಣೆ ಕಲಿಯದವನಿಗೆ ಸಂಸ್ಕರಿಸಿದ ನೀರು ಕೊಟ್ಟರೆ ಆರು ತಿಂಗಳಲ್ಲಿ ಪಂಪು ಕೆಡಿಸಿಕೊಂಡು ಮತ್ತೆ ಕೊಳವೆಬಾವಿಯತ್ತ ಹೊರಳುತ್ತಾನೆ. ಆದೇಶದ ಸೋಲು ಆಗ ಕಾನೂನಿನಲ್ಲಿ ಆಗಿರುವುದಿಲ್ಲ, ಜಾಲರಿಯಲ್ಲಿ ಆಗಿರುತ್ತದೆ.

ಮಳೆನೀರಿನ ಮಾತು ಬೇರೆ. ಅದು ಮೆದು ನೀರು. ಕೊನೆಯ ಸುತ್ತಿಗೆ ಬಳಸಿದರೆ ಬಣ್ಣದ ಮೇಲೆ ಬಿಳಿ ಕಲೆ ಉಳಿಯುವುದಿಲ್ಲ, ಪಂಪಿಗೂ ಹಿತ. ಬೆಂಗಳೂರಿನ ವಾರ್ಷಿಕ ಮಳೆ ಸರಾಸರಿ 970 ಮಿಲಿಮೀಟರಿನ ಆಸುಪಾಸು. ಸಾವಿರ ಚದರಡಿಯ ತಗಡಿನ ಚಾವಣಿಯಿಂದ ಬೀಳುವ ನೀರಿನಲ್ಲಿ ಐದರಲ್ಲಿ ನಾಲ್ಕು ಭಾಗ ಹಿಡಿದರೂ ವರ್ಷಕ್ಕೆ ಸುಮಾರು 72,000 ಲೀಟರ್. ಅದಷ್ಟನ್ನೂ ಶೇಖರಿಸಿಡುವ ಸಂಪು ಸಣ್ಣ ಅಂಗಡಿಯಲ್ಲಿರುವುದಿಲ್ಲ, ನಿಜ. ಆದರೆ ಮಳೆ ಬಂದ ದಿನಗಳಲ್ಲೇ ಕೆಸರು ಮೆತ್ತಿದ ವಾಹನಗಳು ಹೆಚ್ಚು ಬರುವುದು. ಬಂದ ನೀರು ಆಗಲೇ ಬಳಕೆಯಾಗುತ್ತದೆ.

ಒಳಬರುವ ನೀರಿನಷ್ಟೇ ಹೊರಹೋಗುವ ನೀರೂ ಮುಖ್ಯ. 2015ರಲ್ಲಿ ಬೆಳ್ಳಂದೂರು ಕೆರೆಯ ನೊರೆಗೆ ಬೆಂಕಿ ಹತ್ತಿದ ಸುದ್ದಿ ದೇಶದಾಚೆಗೂ ಹೋಯಿತು. ಆ ಕೆರೆ ಕೆಟ್ಟದ್ದಕ್ಕೆ ಮುಖ್ಯ ಕಾರಣ ನಗರದ ಸಂಸ್ಕರಿಸದ ಕೊಳಚೆ ಎಂಬುದು ನಿಜ. ಆದರೆ ಸೋಪು, ಗ್ರೀಸು, ಎಂಜಿನ್ ಎಣ್ಣೆ ಕಲೆತ ನೀರನ್ನು ಮಳೆನೀರು ಚರಂಡಿಗೆ ಬಿಡುವ ನಾವು ಕೈತೊಳೆದುಕೊಳ್ಳುವಂತಿಲ್ಲ. ಮೂರು ಕೋಣೆಯ ಒಂದು ತೊಟ್ಟಿ ಸಾಕು: ಮೊದಲನೆಯದರಲ್ಲಿ ಮಣ್ಣು ತಳಕ್ಕಿಳಿಯುತ್ತದೆ, ಎರಡನೆಯದರಲ್ಲಿ ಎಣ್ಣೆ ಮೇಲೆ ತೇಲಿ ನಿಲ್ಲುತ್ತದೆ, ತಳದ ಕಿಂಡಿಯಿಂದ ಮೂರನೆಯದಕ್ಕೆ ಹರಿದ ನೀರನ್ನು ಸೋಸಿ ಚಕ್ರ ಮತ್ತು ತಳಭಾಗದ ಮೊದಲ ತೊಳೆತಕ್ಕೆ ಮತ್ತೆ ಬಳಸಬಹುದು. ಈ ತೊಟ್ಟಿಯೂ ಒಂದು ಯಂತ್ರವೇ. ಹೂಳು ತೆಗೆಯದಿದ್ದರೆ ಒಂದು ಮಳೆಗಾಲದಲ್ಲಿ ಅದು ಬರಿಯ ಗುಂಡಿ. ತೆಗೆದ ಎಣ್ಣೆಯನ್ನು ಮೂಲೆಯಲ್ಲಿ ಸುರಿಯದೆ ಅಧಿಕೃತವಾಗಿ ಸಂಗ್ರಹಿಸುವವರಿಗೇ ಒಪ್ಪಿಸಬೇಕು. 2016ರ ಅಪಾಯಕಾರಿ ತ್ಯಾಜ್ಯ ನಿಯಮಗಳ ವ್ಯಾಪ್ತಿಗೆ ಬಳಸಿದ ಎಣ್ಣೆಯೂ ಬರುತ್ತದೆ.

ಇಷ್ಟನ್ನು ನಾವು ಮಾಡಬೇಕು ಎಂದ ಮೇಲೆ ಆಡಳಿತ ಏನು ಮಾಡಬೇಕೆಂದು ಕೇಳುವ ಹಕ್ಕು ನಮಗಿದೆ ಎಂದು ಭಾವಿಸುತ್ತೇನೆ. ಮೊದಲನೆಯದಾಗಿ, ಸಂಸ್ಕರಿಸಿದ ನೀರು ದೊಡ್ಡ ಕೈಗಾರಿಕೆ, ದೊಡ್ಡ ವಸತಿ ಸಮುಚ್ಚಯಗಳಿಗಷ್ಟೇ ಅಲ್ಲದೆ, ವಾರಕ್ಕೊಂದು ಟ್ಯಾಂಕರು ಬೇಕಾಗುವ ಸಣ್ಣ ಅಂಗಡಿಗೂ ನಿಶ್ಚಿತ ದಿನ, ನಿಶ್ಚಿತ ದರ, ನಿಶ್ಚಿತ ಗುಣಮಟ್ಟದಲ್ಲಿ ಸಿಗಬೇಕು. ಎರಡನೆಯದಾಗಿ, 2025ರ ಸೆಪ್ಟೆಂಬರ್‌ನಲ್ಲಿ ಅಸ್ತಿತ್ವಕ್ಕೆ ಬಂದ ಗ್ರೇಟರ್ ಬೆಂಗಳೂರಿನ ಐದು ಪಾಲಿಕೆಗಳು ಉದ್ದಿಮೆ ಪರವಾನಗಿ ಕೊಡುವಾಗ ಶುಲ್ಕದ ರಸೀದಿಯ ಜೊತೆಗೆ ನಾಲ್ಕು ವಿಷಯಗಳನ್ನು ಸ್ಥಳದಲ್ಲೇ ನೋಡಲಿ: ನೀರಿನ ಮೀಟರು, ಮೂರು ಕೋಣೆಯ ತೊಟ್ಟಿ, ಅರ್ಥಿಂಗ್, ಬಕೆಟ್ಟಿನ ಪರೀಕ್ಷೆ. ದಾಳಿ ಮಾಡಿ ದಂಡ ಹಾಕುವುದಕ್ಕಿಂತ ವರ್ಷಕ್ಕೊಮ್ಮೆ ಇವನ್ನು ಪರೀಕ್ಷಿಸುವುದರಿಂದ ಹೆಚ್ಚು ನೀರು ಉಳಿಯುತ್ತದೆ. ಮೂರನೆಯದಾಗಿ, ನಮ್ಮ ಸರ್ಕಾರಿ ಕೈಗಾರಿಕಾ ತರಬೇತಿ ಸಂಸ್ಥೆಗಳು ಭಾನುವಾರಗಳಂದು ಪಂಪು ನಿರ್ವಹಣೆಯ ಕಿರು ತರಬೇತಿ ನಡೆಸಬಹುದು. ಚಿತ್ರಸಹಿತವಾದ ಹತ್ತು ಪುಟದ ಕನ್ನಡ ಕೈಪಿಡಿಯೊಂದನ್ನು ಸಿದ್ಧಪಡಿಸುವುದು ಯಾವ ಇಲಾಖೆಗೂ ಅಸಾಧ್ಯದ ಕೆಲಸವಲ್ಲ. ಯಂತ್ರ ಮಾರುವ ಕಂಪೆನಿಗಳು ಕನ್ನಡನಾಡಿನಲ್ಲಿ ಮಾರುವ ಪ್ರತಿ ಪಂಪಿನೊಡನೆ ಕನ್ನಡದ ಕೈಪಿಡಿ ಕೊಡಬೇಕೆಂದು ಒತ್ತಾಯಿಸುವ ಹಕ್ಕು ಕೊಳ್ಳುವವರಿಗೂ ಇದೆ.

ವೃತ್ತಿಬಾಂಧವರಿಗೆ ಒಂದು ಮಾತು. ಮುಂದಿನ ಬೇಸಿಗೆಯಲ್ಲೋ ಅದರ ಮರುವರ್ಷವೋ ಮಳೆ ಮತ್ತೆ ಕೈಕೊಡುತ್ತದೆ. ಆಗ ಮತ್ತೆ ಆದೇಶ, ಮತ್ತೆ ದಂಡ, ಮತ್ತೆ ನೀರುಗಳ್ಳರೆಂಬ ಬಿರುದು. ಆ ದಿನ ಅಧಿಕಾರಿ ಬಾಗಿಲಿಗೆ ಬಂದಾಗ ಕೈಮುಗಿದು ಬೇಡಿಕೊಳ್ಳುವ ಬದಲು, ಈ ವಾಹನಕ್ಕೆ ಇಷ್ಟು ಲೀಟರ್, ಈ ತಿಂಗಳಿಗೆ ಇಷ್ಟು ಟ್ಯಾಂಕರು, ನಾಜಲ್ಲು ಬದಲಿಸಿದ್ದು ಈ ತಾರೀಖು ಎಂದು ಪುಸ್ತಕ ತೆರೆದು ತೋರಿಸುವಂತಾದರೆ ನಮ್ಮ ಅಂಗಡಿಯೂ ಉಳಿಯುತ್ತದೆ, ಅದನ್ನು ನಂಬಿದ ಮೂರು ನಾಲ್ಕು ಸಂಸಾರಗಳೂ ಉಳಿಯುತ್ತವೆ. ಅಂತಹ ಪುಸ್ತಕ ಇಡದವನಿಗೆ ಪರವಾನಗಿ ಕೊಡಬೇಡಿ ಎಂದು ನಾನೇ ಆಡಳಿತವನ್ನು ಒತ್ತಾಯಿಸುತ್ತೇನೆ. ಲೆಕ್ಕ ಇಟ್ಟವನಿಗೆ ನೀರು ನಿರಾಕರಿಸಬೇಡಿ ಎಂಬುದೂ ಅಷ್ಟೇ ಗಟ್ಟಿಯಾದ ನನ್ನ ಒತ್ತಾಯ.